ಘಾಟಿ ಮಂಜು, ಬಸ್ಸಿನ ಲೈಟು, ಮತ್ತೆ ಕ್ವೇಸಾರ್

ಪ್ರಶ್ನೆ: ಸರ್ ನಮಸ್ತೆ. ದೂರದ ಗ್ಯಾಲಕ್ಸಿಗಳ ಸುತ್ತ ಕಣ್ಣಿಗೆ ಕಾಣದ ಗ್ಯಾಸ್ ಇರುತ್ತೆ, ಅದನ್ನ ಕ್ವೇಸಾರ್ ಬೆಳಕಿಂದ ಪತ್ತೆ ಮಾಡ್ತಾರೆ ಅಂತ ಓದಿದೆ. ಆಗುಂಬೆ ಘಾಟೀಲಿ ಎದುರಿಂದ ಬರೋ ಬಸ್ಸಿನ ಹೆಡ್‌ಲೈಟಲ್ಲಿ ಮಂಜು ಕಾಣುತ್ತಲ್ಲ, ಹಂಗೇನಾ ಇದು? ಆ ಗ್ಯಾಸು ಕ್ವೇಸಾರ್ ಪಕ್ಕದ್ದಾ, ನಡುವೆ ಎಲ್ಲೋ ಇರೋದಾ, ಇಲ್ಲಾ ನಮ್ಮ ಹತ್ರದ್ದೇನಾ ಅಂತ ಹೆಂಗೆ ಗೊತ್ತಾಗುತ್ತೆ? ಸೆಕೆಂಡ್ ಪಿಯುಸಿ ಓದೋ ಮಗಳು ಕೇಳಿದ್ಲು, ನನ್ನ ಹತ್ರ ಉತ್ತರ ಇರ್ಲಿಲ್ಲ. ಇದ್ರಿಂದ ಪ್ರಯೋಜನ ಎಂತ ಅಂತಾನೂ ಹೇಳಿ. (ತೀರ್ಥಹಳ್ಳಿ ಕಡೆಯ ಓದುಗರು, ಅಡಿಕೆ ಬೆಳೆಗಾರರು)

ಉತ್ತರ:

ನಮಸ್ಕಾರ. ನಿಮ್ಮ ಮಗಳ ಪ್ರಶ್ನೆ ಸಣ್ಣದಲ್ಲ ಮಾರಾಯ್ರೆ, "ಆ ಗ್ಯಾಸು ಯಾರ ಪಕ್ಕದ್ದು" ಅನ್ನೋದ್ರ ಮೇಲೇನೇ 1960ರ ದಶಕದ ಕೊನೆಯಿಂದ ಸುಮಾರು ವರ್ಷ ದೊಡ್ಡ ದೊಡ್ಡವರೇ ವಾದ ಮಾಡಿದ್ರು. ಅದಕ್ಕೆ ಬರ್ತೀನಿ. ಮೊದ್ಲು ನಿಮ್ಮ ಘಾಟಿ ಮಂಜಿನ ವಿಷಯ ಮುಗಿಸೋಣ, ಯಾಕಂದ್ರೆ ಅದು ಅರ್ಧ ಸರಿ, ಇನ್ನರ್ಧ ದಾರಿ ತಪ್ಪಿಸುತ್ತೆ.

ಸರಿ ಇರೋ ಅರ್ಧ ಯಾವ್ದು ಅಂದ್ರೆ, ದೀಪ ಬೇರೆ, ನಡುವೆ ಇರೋ ವಸ್ತು ಬೇರೆ, ನಮಗೆ ಬೇಕಾಗಿರೋದು ನಡುವೆ ಇರೋದು. ಕ್ವೇಸಾರ್ ಇಲ್ಲಿ ಬರೀ ಬಸ್ಸಿನ ಲೈಟು. ಅದು ಎಂತ ಅಂತ ಎರಡೇ ಮಾತಲ್ಲಿ ಹೇಳೋದಾದ್ರೆ, ದೂರದ ಒಂದು ಗ್ಯಾಲಕ್ಸಿಯ ನಡುಮಧ್ಯ ಸೂರ್ಯನ ಕೋಟಿಗಟ್ಟಲೆ ಪಟ್ಟು ತೂಕದ ಬ್ಲ್ಯಾಕ್ ಹೋಲ್ ಕೂತಿರುತ್ತೆ, ಅದರೊಳಗೆ ಬೀಳೋ ಗ್ಯಾಸು ಬೀಳೋ ಮುಂಚೆ ಸುತ್ತಿ ಸುತ್ತಿ ಕಾದು ಇಡೀ ಗ್ಯಾಲಕ್ಸಿಗಿಂತ ಜಾಸ್ತಿ ಬೆಳಗುತ್ತೆ. ಅಷ್ಟು ಸಾಕು. ಕ್ವೇಸಾರ್ ಬಗ್ಗೆನೇ ಜೀವನ ಕಳೆಯೋರು ಬೇರೆ ಇದಾರೆ, ನಮ್ಮಂಥೋರಿಗೆ ಅದು ದೂರದಲ್ಲಿದ್ದು ಜೋರಾಗಿ ಉರಿದ್ರೆ ಆಯ್ತು.

ತಪ್ಪೋ ಅರ್ಧ ಇದು. ಘಾಟೀಲಿ ಮಂಜು ಕಾಣೋದು ನೀರಿನ ಹನಿಗಳು ಬೆಳಕನ್ನ ಆಚೀಚೆ ಚದುರಿಸೋದ್ರಿಂದ, ಅದೂ ಎಲ್ಲಾ ಬಣ್ಣಾನೂ ಹೆಚ್ಚುಕಮ್ಮಿ ಒಂದೇ ಥರ, ಅದಕ್ಕೇ ಮಂಜು ಬೆಳ್ಳಗೆ. ಗ್ಯಾಲಕ್ಸಿ ಸುತ್ತಿನ ಗ್ಯಾಸು ಹಂಗೆ ಮಬ್ಬು ಮಾಡಲ್ಲ. ಕ್ವೇಸಾರ್ ಬೆಳಕು ಬಹುಪಾಲು ಸಲೀಸಾಗಿ ದಾಟಿ ಬರುತ್ತೆ, ಕೆಲವೇ ಕೆಲವು ಬಣ್ಣ ಮಾತ್ರ ದಾರೀಲಿ ಕಳೆದುಹೋಗುತ್ತೆ. ಬೇಸಿಗೇಲಿ ಮನೇಲಿ ಮುರುಗಲು ಪಾನಕ ಮಾಡ್ತೀರಲ್ಲ, ಗ್ಲಾಸನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಆ ಪಾನಕ ಏನೂ ಬೆಳಗ್ತಾ ಇಲ್ಲ, ಬಿಳಿ ಬೆಳಕಿಂದ ಹಸಿರು ನೀಲಿ ತಿಂದು ಕೆಂಪನ್ನ ಮಾತ್ರ ಬಿಡ್ತಾ ಇದೆ. ಗ್ಯಾಸಿನ ಕೆಲಸಾನೂ ಅದೇ ಜಾತಿದು, ಆದ್ರೆ ಪಾನಕ ಅಗಲವಾಗಿ ಬಣ್ಣ ತಿನ್ನುತ್ತೆ, ಪರಮಾಣುಗಳು ಮಾತ್ರ ಕೂದಲೆಳೆಯಷ್ಟು ಸಣ್ಣ ಜಾಗದಲ್ಲಿ, ಅದೂ ತಮಗೆ ಗೊತ್ತುಮಾಡಿದ ಜಾಗದಲ್ಲೇ ಕಚ್ಚುತ್ವೆ. ಹಾರ್ಮೋನಿಯಂನಲ್ಲಿ ಎಲ್ಲಾ ಕೀ ಒತ್ತಿಕೊಂಡು ಹೋದಾಗ ಎರಡು ಮೂರು ಮಾತ್ರ ಸದ್ದು ಮಾಡ್ದೆ ಇದ್ರೆ ಹೆಂಗೆ ಗೊತ್ತಾಗುತ್ತೋ ಹಂಗೆ. ಕ್ವೇಸಾರ್ ಬೆಳಕನ್ನ ಸ್ಪೆಕ್ಟ್ರೋಗ್ರಾಫಲ್ಲಿ ಬಣ್ಣ ಬಣ್ಣವಾಗಿ ಬಿಡಿಸಿ ಗ್ರಾಫ್ ಹಾಕಿದ್ರೆ ಮೇಲೆ ಒಂದು ಗೀಟು ಹೋಗ್ತಾ ಇರುತ್ತೆ, ಅಲ್ಲಲ್ಲಿ ಗುಂಡಿ ಬಿದ್ದಿರುತ್ತೆ. ನಮ್ಮ ಅನ್ನ ಆ ಗುಂಡೀಲಿದೆ.

ಈಗ ನಿಮ್ಮ ಮಗಳು ಖಂಡಿತ ಕೇಳ್ತಾಳೆ, ನುಂಗಿದ ಬೆಳಕನ್ನ ಪರಮಾಣು ವಾಪಸ್ ಬಿಡಲ್ವಾ, ಬಿಟ್ರೆ ಗುಂಡಿ ಹೆಂಗೆ ಉಳಿಯುತ್ತೆ ಅಂತ. ಬಿಡುತ್ತೆ. ಆದ್ರೆ ಬಂದ ದಿಕ್ಕಿಗೇ ಬಿಡಬೇಕು ಅಂತೇನೂ ಇಲ್ಲ, ಯಾವ ಕಡೆಗಾದ್ರೂ ಎಸೆಯುತ್ತೆ. ನಮ್ಮ ಕಡೆಗೆ ಬರ್ತಾ ಇದ್ದ ಸಾಲಿಂದ ಅಷ್ಟು ಬೆಳಕು ಕಮ್ಮಿ ಆಯ್ತು, ಅದು ಬೇರೆ ಎಲ್ಲೋ ಇರೋರಿಗೆ ಹೋಯ್ತು, ನಮಗೆ ಗುಂಡಿ.

ಹಂಗಾದ್ರೆ ಆ ಗ್ಯಾಸ್ ತಾನೇ ಬೆಳಗೋ ಬೆಳಕನ್ನೇ ನೇರ ಯಾಕೆ ನೋಡಬಾರ್ದು? ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಇಡೀ ವಿದ್ಯೆಯ ಬುಡ ಇದು. ಆ ಗ್ಯಾಸು ಎಷ್ಟು ತೆಳು ಅಂದ್ರೆ, ನಿಮ್ಮ ಮನೆ ತಾರಸಿ ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್ ಇದೆ ಅಂತ ಇಟ್ಕೊಳ್ಳಿ, ಅಷ್ಟು ಜಾಗದಲ್ಲಿ ಹತ್ತೋ ನೂರೋ, ಹೆಚ್ಚಂದ್ರೆ ಸಾವಿರವೋ ಪರಮಾಣು, ಅಷ್ಟೇ. ನಾವು ಉಸಿರಾಡೋ ಗಾಳೀಲಿ ಒಂದೇ ಒಂದು ಘನ ಸೆಂಟಿಮೀಟರಿಗೆ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ. ಇಂಥಾ ಕಡೆ ಗ್ಯಾಸು ಬೆಳಗಬೇಕು ಅಂದ್ರೆ ಸಾಮಾನ್ಯವಾಗಿ ಎರಡು ಕಣ ಒಂದಕ್ಕೊಂದು ಸಿಗಬೇಕು, ಡಿಕ್ಕಿ ಹೊಡೀಬೇಕು ಇಲ್ಲಾ ಎಲೆಕ್ಟ್ರಾನು ಅಯಾನು ಕೂಡಬೇಕು. ಜಾತ್ರೇಲಿ ಜನ ಹತ್ತರಲ್ಲಿ ಒಂದು ಪಾಲಾದ್ರೆ ಒಬ್ರಿಗೊಬ್ರು ಮೈ ತಾಗೋದು ನೂರರಲ್ಲಿ ಒಂದು ಪಾಲಾಗುತ್ತೆ ಅಲ್ವಾ, ಅದೇ ಲೆಕ್ಕ, ಸಾಂದ್ರತೆ ಹತ್ತು ಪಟ್ಟು ಇಳಿದ್ರೆ ಬೆಳಗೋದು ನೂರು ಪಟ್ಟು ಇಳಿಯುತ್ತೆ. ನುಂಗೋದಕ್ಕೆ ಮಾತ್ರ ಜೊತೆ ಬೇಕಿಲ್ಲ, ಒಂಟಿ ಪರಮಾಣು ದಾರೀಲಿ ನಿಂತಿದ್ರೆ ಸಾಕು, ಹಾಗಾಗಿ ಸಾಂದ್ರತೆ ಹತ್ತು ಪಟ್ಟು ಇಳಿದ್ರೆ ನುಂಗೋದೂ ಹತ್ತೇ ಪಟ್ಟು ಇಳಿಯುತ್ತೆ. ತೆಳು ಆಗ್ತಾ ಹೋದಷ್ಟೂ ಗುಂಡಿ ಹುಡುಕೋ ವಿಧಾನವೇ ಗೆಲ್ಲುತ್ತೆ.

ಇನ್ನೊಂದು ಲಾಭ ಇದೆ, ಹೊಸಬರಿಗೆ ಹೇಳಿದ್ರೆ ನಂಬೋದೇ ಇಲ್ಲ. ಗುಂಡಿಯ ಆಳಕ್ಕೂ ಗ್ಯಾಸು ಎಷ್ಟು ದೂರ ಇದೆ ಅನ್ನೋದಕ್ಕೂ ಸಂಬಂಧ ಇಲ್ಲ. ನಕ್ಷತ್ರ ದೂರ ಹೋದ್ರೆ ಮಂಕಾಗುತ್ತೆ, ಆದ್ರೆ ದೀಪದ ಮುಂದಿನ ಪರದೆ ಹತ್ರ ಇರ್ಲಿ ದೂರ ಇರ್ಲಿ ನೂರಕ್ಕೆ ಇಪ್ಪತ್ತು ತಿಂದ್ರೆ ಇಪ್ಪತ್ತೇ. ದೀಪ ಜೋರಾಗಿದ್ರೆ ಸಾವಿರ ಕೋಟಿ ಜ್ಯೋತಿರ್ವರ್ಷ ಆಚೆಯ ಗ್ಯಾಸನ್ನೂ ಪಕ್ಕದ ಗ್ಯಾಲಕ್ಸೀದರಷ್ಟೇ ಸೂಕ್ಷ್ಮವಾಗಿ ಅಳೀಬಹುದು. ಹೈಡ್ರೋಜನ್ ವಿಷಯದಲ್ಲಿ ಚದರ ಸೆಂಟಿಮೀಟರಿಗೆ ಒಂದರ ಮುಂದೆ ಹದಿನಾಲ್ಕು ಸೊನ್ನೆ ಹಾಕಿದಷ್ಟು ಪರಮಾಣು, ಅದೂ ಲಕ್ಷಗಟ್ಟಲೆ ಜ್ಯೋತಿರ್ವರ್ಷ ಉದ್ದದ ದಾರಿಯಲ್ಲಿ ಎಲ್ಲಾ ಸೇರಿಸಿ, ಅಷ್ಟಿದ್ರೂ ಗುಂಡಿ ಚೆನ್ನಾಗೇ ಕಾಣುತ್ತೆ. ಅಷ್ಟು ಸಂಖ್ಯೆಗೆ ನಮ್ಮೂರ ಗಾಳಿ ಎಷ್ಟು ದಪ್ಪ ಬೇಕು ಅಂತ ಲೆಕ್ಕ ಹಾಕಿದ್ರೆ ಕೂದಲ ದಪ್ಪದ ಸಾವಿರದಲ್ಲಿ ಒಂದು ಪಾಲೂ ಬೇಡ!

ಈಗ ಅಸಲಿ ಪ್ರಶ್ನೆ, ಯಾರ ಪಕ್ಕದ್ದು ಅಂತ.

ವಿಶ್ವ ಹಿಗ್ಗುತ್ತಾ ಇದೆ, ಬೆಳಕು ದಾರೀಲಿ ಬರ್ತಾ ಬರ್ತಾ ಅದರ ತರಂಗಾನೂ ಹಿಗ್ಗುತ್ತೆ, ಎಷ್ಟು ಹಳೇ ಬೆಳಕೋ ಅಷ್ಟು ಹಿಗ್ಗು, ಇದಕ್ಕೆ ರೆಡ್‌ಶಿಫ್ಟ್ ಅಂತೀವಿ. ಹೈಡ್ರೋಜನ್ ಅತೀ ಇಷ್ಟಪಟ್ಟು ನುಂಗೋ ಬಣ್ಣ 121.6 ನ್ಯಾನೋಮೀಟರ್, ಲೈಮನ್ ಆಲ್ಫಾ ಅಂತ ಹೆಸರು, ಅದು ಕಡು ಅಲ್ಟ್ರಾವಯಲೆಟ್. ಕ್ವೇಸಾರಿನ ರೆಡ್‌ಶಿಫ್ಟ್ 2.5 ಅಂತ ಇಟ್ಕೊಳ್ಳಿ, ಅದರ ಸ್ವಂತ ಹೈಡ್ರೋಜನ್ ಬೆಳಕು ನಮಗೆ 3.5 ಪಟ್ಟು ಹಿಗ್ಗಿ 425.6ರಲ್ಲಿ ಸಿಗುತ್ತೆ. ದಾರಿ ಮಧ್ಯ ರೆಡ್‌ಶಿಫ್ಟ್ 2ರಲ್ಲಿ ಒಂದು ಗ್ಯಾಸಿನ ಮೋಡ ಇದ್ರೆ, ಕ್ವೇಸಾರ್ ಬೆಳಕು ಅಲ್ಲಿಗೆ ಬರೋ ಹೊತ್ತಿಗೆ ಯಾವ ಭಾಗ ಹಿಗ್ಗಿ 121.6ಕ್ಕೆ ಬಂದಿರುತ್ತೋ ಆ ಭಾಗವನ್ನ ಮೋಡ ಕಚ್ಚುತ್ತೆ, ಆ ಕಚ್ಚಿದ ಗುರುತು ಅಲ್ಲಿಂದ ನಮ್ಮ ತನಕ ಇನ್ನೂ ಮೂರು ಪಟ್ಟು ಹಿಗ್ಗಿ 364.8ರಲ್ಲಿ ಕಾಣುತ್ತೆ. ಅಂದ್ರೆ ಒಂದೊಂದು ಗುಂಡಿಗೂ ಅದರದ್ದೇ ಮೈಲಿಗಲ್ಲು. ಶಿವಮೊಗ್ಗದಿಂದ ಆಗುಂಬೆಗೆ ಬರೋ ಬಸ್ಸಿಗೆ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಅಂತ ಒಂದೊಂದು ಸ್ಟಾಪಲ್ಲೂ ಬೇರೆ ಬೇರೆ ಸೀಲು ಹೊಡೆದು ಕಳಿಸಿದ್ರೆ ಇಳಿಯೋ ಕಡೆ ನಿಂತು ಎಲ್ಲಾ ಸ್ಟಾಪಿನ ಹಾಜರಿ ಓದಬಹುದಲ್ಲ, ಅಷ್ಟೇ ವಿಷಯ. ದೂರದ ಕ್ವೇಸಾರುಗಳಲ್ಲಿ ಈ ಗುಂಡಿಗಳು ನೂರಾರು ಇರ್ತಾವೆ, ಗ್ರಾಫು ನೋಡಿದ್ರೆ ಅಡಿಕೆ ತೋಟ ದೂರದಿಂದ ಕಂಡ ಹಾಗೆ ಕಂಬ ಕಂಬ ಕಂಬ, ಇದಕ್ಕೆ ಲೈಮನ್ ಆಲ್ಫಾ ಕಾಡು ಅಂತಾನೇ ಹೆಸರಿಟ್ಟಿದಾರೆ. 1971ರಲ್ಲಿ ರೋಜರ್ ಲಿಂಡ್ಸ್ ಇದನ್ನ ಸರಿಯಾಗಿ ಗುರುತಿಸಿದ್ದು.

ಆ ಕಾಡಿನ ಹೆಚ್ಚಿನ ಗುಂಡಿಗಳು ಗ್ಯಾಲಕ್ಸಿಗಳ ನಡುವಿನ ಬಯಲಿನ ತೆಳು ಗ್ಯಾಸಿಂದ ಬಂದಿರೋದು. ಗ್ಯಾಲಕ್ಸಿ ಹತ್ರದ ಗ್ಯಾಸು ಬೇಕು ಅಂದ್ರೆ ಮೆಗ್ನೀಶಿಯಂ, ಕಾರ್ಬನ್, ಆಮ್ಲಜನಕದ ಗುಂಡಿ ಹುಡುಕೋದು ಒಳ್ಳೇದು. ಮೆಗ್ನೀಶಿಯಂ ಬಹಳ ಮರ್ಯಾದಸ್ಥ, ಯಾವಾಗ್ಲೂ ಜೋಡೀಲೇ ಬರುತ್ತೆ, 279.6 ಮತ್ತೆ 280.4. ರೆಡ್‌ಶಿಫ್ಟ್ 0.5ರಲ್ಲಿದ್ರೆ ಅದೇ ಜೋಡಿ 419.4, 420.5ಕ್ಕೆ ಸರಿದು ನೇರಳೆ ಬಣ್ಣದಲ್ಲಿ ಸಿಗುತ್ತೆ, ನೆಲದ ಮೇಲಿನ ಟೆಲಿಸ್ಕೋಪಿಗೇ ಕಾಣುತ್ತೆ. ಜೋಡಿಯ ಅಂತರ ಎಷ್ಟಿರಬೇಕು ಅಂತ ಮೊದ್ಲೇ ಗೊತ್ತಿರೋದ್ರಿಂದ ಮೋಸ ಹೋಗೋ ಚಾನ್ಸ್ ಕಮ್ಮಿ. ಕಮ್ಮಿ ಅಂದೆ, ಇಲ್ಲ ಅನ್ಲಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದ್ಸಲ ಕೆಂಪು ಬಣ್ಣದ ಆಚೆ ತುದೀಲಿ, 720ರ ಸುಮಾರಿಗೆ, ಚಂದದ ಜೋಡಿ ಗುಂಡಿ ಸಿಕ್ತು ಅಂತ ರಾತ್ರಿ ಮೂರು ಗಂಟೆಗೆ ಗೆಳೆಯನ್ನ ಎಬ್ಬಿಸಿ ಟೀ ಕುಡಿಸಿ ಕುಣಿದಾಡಿದ್ದೆ. ಬೆಳಿಗ್ಗೆ ಸ್ಕೇಲ್ ಇಟ್ಟು ನೋಡಿದ್ರೆ ಅಂತರ ಸರಿ ಬರ್ಲಿಲ್ಲ, ಅದು ನಮ್ಮ ಭೂಮಿಯದ್ದೇ ಗಾಳೀಲಿದ್ದ ನೀರಾವಿ. ಕೋಟಿ ಕೋಟಿ ಜ್ಯೋತಿರ್ವರ್ಷ ದಾಟಿ ಬಂದ ಬೆಳಕಿಗೆ ಕೊನೆಯ ಹತ್ತು ಕಿಲೋಮೀಟರಲ್ಲಿ ನಮ್ಮ ತೇವದ ಗಾಳಿ ಸೀಲು ಹೊಡೆದಿತ್ತು. ನಿಮ್ಮ ಪ್ರಶ್ನೇಲಿ "ನಮ್ಮ ಹತ್ರದ್ದೇನಾ" ಅಂತ ಇತ್ತಲ್ಲ, ಇಂಥದ್ದು ನಮ್ಮ ಹತ್ರದ್ದು, ಇವುಗಳಿಗೆ ರೆಡ್‌ಶಿಫ್ಟ್ ಸೊನ್ನೆ, ಎಲ್ಲಾ ಕ್ವೇಸಾರಲ್ಲೂ ಅದೇ ಜಾಗದಲ್ಲಿ ಕೂತಿರುತ್ತೆ, ಹಾಗಾಗಿ ಹಿಡೀಬಹುದು.

ಗುಂಡಿಯ ರೆಡ್‌ಶಿಫ್ಟ್ ಸಿಕ್ಕ ಮಾತ್ರಕ್ಕೆ ಅದು ಒಂದು ಗ್ಯಾಲಕ್ಸೀದು ಅಂತ ಆಗಲ್ಲ. 1969ರಲ್ಲಿ ಜಾನ್ ಬಾಕಲ್ ಮತ್ತೆ ಲೈಮನ್ ಸ್ಪಿಟ್ಸರ್ ಇಬ್ರು ಹೇಳಿದ್ರು, ಈ ಗುಂಡಿಗಳಲ್ಲಿ ಬಹಳಷ್ಟು ಮಾಮೂಲಿ ಗ್ಯಾಲಕ್ಸಿಗಳ ಸುತ್ತ ದೂರದ ತನಕ ಹರಡಿರೋ ಗ್ಯಾಸಿಂದಲೇ ಬಂದಿರಬೇಕು ಅಂತ. ಸ್ಪಿಟ್ಸರ್ ಅವ್ರು ಅದಕ್ಕೂ ಮುಂಚೆ 1956ರಲ್ಲೇ ನಮ್ಮ ಗ್ಯಾಲಕ್ಸಿಗೂ ಒಂದು ಬಿಸಿ ಗ್ಯಾಸಿನ ಹೊದಿಕೆ ಇರಬೇಕು ಅಂದಿದ್ರು. ಊಹೆ ಚೆನ್ನಾಗಿತ್ತು, ಆದ್ರೆ ಆ ಗ್ಯಾಲಕ್ಸಿ ತೋರಿಸಿ ಅಂದ್ರೆ ಯಾರ ಹತ್ರಾನೂ ಇಲ್ಲ. ಯಾಕೆ ಕಷ್ಟ ಅಂದ್ರೆ, ರೆಡ್‌ಶಿಫ್ಟ್ 0.5ರಲ್ಲಿರೋ ಗ್ಯಾಲಕ್ಸಿಯಿಂದ ಮೂರು ಲಕ್ಷ ಜ್ಯೋತಿರ್ವರ್ಷ ಆಚೆ ಕ್ವೇಸಾರ್ ಸಾಲು ಹಾದು ಹೋಗಿದ್ರೆ, ಆಕಾಶದಲ್ಲಿ ಅವೆರಡರ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದ ನೂರನೇ ಒಂದು ಪಾಲಿನಷ್ಟು. ಪಕ್ಕದಲ್ಲಿ ಕ್ವೇಸಾರ್ ಕಣ್ಣಿಗೆ ರಾಚ್ತಾ ಇರುತ್ತೆ, ಗ್ಯಾಲಕ್ಸಿ ಮಿಣಿಮಿಣಿ. ಬಸ್ಸಿನ ಫುಲ್ ಲೈಟಿನ ಪಕ್ಕ ಮಿಂಚುಹುಳ ಹುಡುಕಿದ ಹಾಗೆ. 1986ರಲ್ಲಿ ಫ್ರಾನ್ಸಿನ ಜಾಕ್ಲೀನ್ ಬೆರ್ಜೆರಾನ್ ಮೆಗ್ನೀಶಿಯಂ ಗುಂಡಿ ಇರೋ ಕಡೆ ಪಕ್ಕದ ಮಂಕು ಗ್ಯಾಲಕ್ಸಿಯದ್ದೇ ಬೇರೆ ಸ್ಪೆಕ್ಟ್ರಮ್ ತೆಗೆದು, ಅದರ ರೆಡ್‌ಶಿಫ್ಟೂ ಗುಂಡಿಯ ರೆಡ್‌ಶಿಫ್ಟೂ ಒಂದೇ ಅಂತ ತೋರಿಸಿದ್ರು. ನನ್ನ ಮಟ್ಟಿಗೆ ಈ ಕ್ಷೇತ್ರ ನಿಜವಾಗಿ ಶುರು ಆಗಿದ್ದು ಅಲ್ಲಿಂದ.

ಅದಾದ್ಮೇಲೂ ಒಂದು ತಕರಾರು ಉಳಿಯುತ್ತೆ, ನಾನು ಅದನ್ನ ಮುಚ್ಚಿಡಲ್ಲ. ರೆಡ್‌ಶಿಫ್ಟ್ ಕೂಡಿದ್ರೂ ಆ ಗ್ಯಾಸು ನಾವು ನೋಡಿದ ದೊಡ್ಡ ಗ್ಯಾಲಕ್ಸಿಯದ್ದೇ ಇರಬೇಕು ಅಂತಿಲ್ಲ, ಪಕ್ಕದಲ್ಲಿ ನಮಗೆ ಕಾಣದಷ್ಟು ಸಣ್ಣ ಗ್ಯಾಲಕ್ಸಿ ಒಂದು ಇರಬಹುದು, ಅಥವಾ ನಮ್ಮ ನೋಟದ ಸಾಲಲ್ಲೇ ಸ್ವಲ್ಪ ಹಿಂದೆ ಮುಂದೆ ಬಯಲಲ್ಲಿರೋ ಮೋಡಕ್ಕೆ ವೇಗದ ದೆಸೆಯಿಂದ ಅದೇ ರೆಡ್‌ಶಿಫ್ಟ್ ಬಂದಿರಬಹುದು. ಒಂದೊಂದೇ ಕೇಸಲ್ಲಿ ಆಣೆ ಮಾಡಿ ಹೇಳೋಕಾಗಲ್ಲ.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ಒಂದು ಗ್ಯಾಲಕ್ಸಿ ಹಿಂದೆ ಸಾಮಾನ್ಯವಾಗಿ ಸಿಗೋದು ಒಂದೇ ಕ್ವೇಸಾರ್. ಅಂದ್ರೆ ಲಕ್ಷಗಟ್ಟಲೆ ಜ್ಯೋತಿರ್ವರ್ಷ ಅಗಲದ ಗ್ಯಾಸಿನ ರಾಶಿಗೆ ನಾವು ಸೂಜಿ ಚುಚ್ಚಿ ಒಂದೇ ಕಡೆ ನೋಡಿದ್ವಿ. ಮಳೆಮಾಪನ ಗೊತ್ತಲ್ಲ ನಿಮಗೆ, ಆಗುಂಬೇಲಿ ಇಟ್ರೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ, ಶಿವಮೊಗ್ಗ ಪೇಟೇಲಿ ಇಟ್ರೆ ಸಾವಿರದ ಆಚೀಚೆ, ನಡುವೆ ತೊಂಬತ್ತು ಕಿಲೋಮೀಟರು ದಾರಿ ಅಷ್ಟೇ. ಒಂದೇ ಮಾಪನ ನೋಡಿ ಶಿವಮೊಗ್ಗ ಜಿಲ್ಲೆ ಮಳೆ ಇಷ್ಟು ಅಂದ್ರೆ ಊರೋರು ನಗ್ತಾರೆ. ನಾವು ಮಾಡೋ ಉಪಾಯ ಏನಂದ್ರೆ, ಒಂದೇ ಥರದ ನೂರು ಗ್ಯಾಲಕ್ಸಿ ತಗೊಂಡು ಒಂದರಲ್ಲಿ ಹತ್ತಿರ, ಇನ್ನೊಂದರಲ್ಲಿ ದೂರ, ಮತ್ತೊಂದರಲ್ಲಿ ಅಂಚು, ಹೀಗೆ ಬೇರೆ ಬೇರೆ ಜಾಗಕ್ಕೆ ಚುಚ್ಚಿರೋ ಸೂಜಿಗಳನ್ನೆಲ್ಲಾ ಒಟ್ಟುಮಾಡಿ, ಇವೆಲ್ಲಾ ಒಂದೇ ಗ್ಯಾಲಕ್ಸಿ ಅಂತ ಭಾವಿಸಿ ಸರಾಸರಿ ನಕ್ಷೆ ಬರೆಯೋದು. ನೂರು ಜಿಲ್ಲೆಗೆ ಒಂದೊಂದೇ ಮಾಪನ ಇಟ್ಟು "ಸರಾಸರಿ ಜಿಲ್ಲೆ"ಯ ಮಳೆ ಬರೆದ ಹಾಗೆ. ಸರಾಸರಿ ಸರಿ ಬರುತ್ತೆ, ಆದ್ರೆ ಘಟ್ಟ ಯಾವ ಕಡೆ, ಬಯಲು ಯಾವ ಕಡೆ ಅನ್ನೋದು ಅಳಿಸಿಹೋಗುತ್ತೆ. ಪತ್ರಿಕೇಲಿ "ಗ್ಯಾಲಕ್ಸಿಯ ಗ್ಯಾಸ್ ನಕ್ಷೆ ಸಿದ್ಧ" ಅಂತ ಹೆಡ್ಡಿಂಗ್ ಬಂದಾಗ ಇದನ್ನ ನೆನಪಿಟ್ಕೊಳ್ಳಿ.

ಇದಕ್ಕೆ ಒಂದು ಅಪವಾದ ಇದೆ, ನನಗೆ ಬಹಳ ಇಷ್ಟದ್ದು. ಆಂಡ್ರೋಮಿಡಾ ಗ್ಯಾಲಕ್ಸಿ ನಮ್ಮಿಂದ ಬರೀ 25 ಲಕ್ಷ ಜ್ಯೋತಿರ್ವರ್ಷ, ಹತ್ರ ಇರೋದ್ರಿಂದ ಅದರ ಗ್ಯಾಸಿನ ಹೊದಿಕೆ ಆಕಾಶದಲ್ಲಿ ವಿಪರೀತ ಅಗಲಕ್ಕೆ ಹರಡಿದೆ, ಅದರ ಹಿಂದೆ ಸುಮಾರು ಕ್ವೇಸಾರುಗಳು ಸಿಗ್ತಾವೆ. 2020ರಲ್ಲಿ ಹಬಲ್ ಟೆಲಿಸ್ಕೋಪ್ ಇಟ್ಕೊಂಡು 43 ಕ್ವೇಸಾರ್ ಬೆಳಕಲ್ಲಿ ಒಂದೇ ಗ್ಯಾಲಕ್ಸಿಗೆ 43 ಸೂಜಿ ಚುಚ್ಚಿ ನೋಡಿದ ಫಲಿತಾಂಶ ಬಂತು. ಹೊದಿಕೆ 13 ಲಕ್ಷ ಜ್ಯೋತಿರ್ವರ್ಷದ ತನಕ, ಕೆಲವು ದಿಕ್ಕಲ್ಲಿ 20 ಲಕ್ಷದ ತನಕಾನೂ ಇದೆ ಅಂತ. ನಮ್ಮ ಗ್ಯಾಲಕ್ಸಿಗೂ ಅಷ್ಟೇ ದೊಡ್ಡ ಹೊದಿಕೆ ಇದ್ರೆ ಎರಡೂ ಆಗಲೇ ಒಂದಕ್ಕೊಂದು ತಾಗ್ತಾ ಇವೆ. ದೀಪಾವಳಿ ಕಳೆದ ಮೇಲೆ ಅಮಾವಾಸ್ಯೆ ಹತ್ರದ ರಾತ್ರಿ ತೋಟದ ಲೈಟ್ ಆರಿಸಿ ಉತ್ತರದ ಕಡೆ ಸ್ವಲ್ಪ ಎತ್ತರಕ್ಕೆ ನೋಡಿದ್ರೆ ಆಂಡ್ರೋಮಿಡಾ ಬರಿಗಣ್ಣಿಗೆ ಹತ್ತಿ ಉಂಡೆ ಥರ ಕಾಣುತ್ತೆ, ಆ ಉಂಡೆ ಬರೀ ನಡು, ಅದರ ಹೊದಿಕೆ ಕಾಣೋ ಹಾಗಿದ್ದಿದ್ರೆ ಆಕಾಶದ ಆ ಭಾಗವನ್ನೆಲ್ಲ ಆಕ್ರಮಿಸಿಕೊಂಡಿರ್ತಿತ್ತು.

ಹಬಲ್ ಯಾಕೆ ಬೇಕಾಯ್ತು ಅಂದ್ರೆ, ಹತ್ರದ ಗ್ಯಾಸಿನ ಗುಂಡಿಗಳು ಜಾಸ್ತಿ ಹಿಗ್ಗಿರಲ್ಲ, ಅಲ್ಟ್ರಾವಯಲೆಟ್‌ನಲ್ಲೇ ಉಳ್ಕೊಂಡಿರುತ್ವೆ, ಅದನ್ನ ನಮ್ಮ ಓಜೋನ್ ಪದರ ಕೆಳಗೆ ಬಿಡಲ್ಲ (ಬಿಟ್ರೆ ನಮ್ಮ ಚರ್ಮ ಉಳಿಯಲ್ಲ, ಅದು ಬೇರೆ ಮಾತು). 2009ರ ಮೇ ತಿಂಗಳಲ್ಲಿ ಗಗನಯಾತ್ರಿಗಳು ಹೋಗಿ ಹಬಲ್‌ಗೆ ಕಾಸ್ಮಿಕ್ ಒರಿಜಿನ್ಸ್ ಸ್ಪೆಕ್ಟ್ರೋಗ್ರಾಫ್ ಅನ್ನೋ ಉಪಕರಣ ಕೂರಿಸಿದ್ಮೇಲೆ ಈ ಕೆಲಸಕ್ಕೆ ರೆಕ್ಕೆ ಬಂತು. 2011ರಲ್ಲಿ ಜೇಸನ್ ಟಮ್ಲಿನ್ಸನ್ ತಂಡ ಅದರಲ್ಲಿ ನೋಡಿ ಒಂದು ವಿಷಯ ಹೇಳ್ತು, ಐದು ಎಲೆಕ್ಟ್ರಾನ್ ಕಳ್ಕೊಂಡಿರೋ ಆಮ್ಲಜನಕ, ಅಂದ್ರೆ ತುಂಬಾ ಬಿಸಿಯಲ್ಲೋ ತೀಕ್ಷ್ಣ ಬೆಳಕಲ್ಲೋ ಸಿಕ್ಕಿರೋ ಆಮ್ಲಜನಕ, ಹೊಸ ನಕ್ಷತ್ರ ಹುಟ್ಟಿಸ್ತಾ ಇರೋ ಗ್ಯಾಲಕ್ಸಿಗಳ ಸುತ್ತ ಹೆಚ್ಚುಕಮ್ಮಿ ಎಲ್ಲಾ ಕಡೆ ಇದೆ, ಹುಟ್ಟಿಸೋದು ನಿಲ್ಲಿಸಿರೋ ಮುದಿ ಗ್ಯಾಲಕ್ಸಿಗಳ ಸುತ್ತ ಅಪರೂಪ ಅಂತ. ಮತ್ತೆ ಅದರ ಒಟ್ಟು ಪ್ರಮಾಣ ಗ್ಯಾಲಕ್ಸಿ ಒಳಗಿನ ಗ್ಯಾಸಲ್ಲಿರೋ ಆಮ್ಲಜನಕಕ್ಕೆ ಸಮ ಅಥವಾ ಜಾಸ್ತಿ.

ಇದು ಯಾಕೆ ದೊಡ್ಡ ಸುದ್ದಿ? ಆಮ್ಲಜನಕ ಬೇಯೋದು ನಕ್ಷತ್ರದ ಹೊಟ್ಟೇಲಿ ಮಾತ್ರ, ಬಯಲಲ್ಲಿ ತಾನಾಗಿ ಹುಟ್ಟಲ್ಲ. ಗ್ಯಾಲಕ್ಸಿಯಿಂದ ನಾಲ್ಕೈದು ಲಕ್ಷ ಜ್ಯೋತಿರ್ವರ್ಷ ಆಚೆ ಆಮ್ಲಜನಕ ಇದೆ ಅಂದ್ರೆ ಒಳಗೆ ಬೆಂದಿದ್ದನ್ನ ಯಾರೋ ಹೊರಗೆ ಎಸೆದಿದಾರೆ, ಸೂಪರ್‌ನೋವಾ ಸ್ಫೋಟಗಳು, ಬ್ಲ್ಯಾಕ್ ಹೋಲಿನ ಗಾಳಿ, ಇಂಥವು. ನೀವು ಕೇಳಿದ ಪ್ರಯೋಜನದ ಮಾತು ಇಲ್ಲಿಗೇ ಬಂದು ಸೇರುತ್ತೆ. ನಮ್ಮ ಗ್ಯಾಲಕ್ಸಿ ವರ್ಷಕ್ಕೆ ಒಂದೆರಡು ಸೂರ್ಯನ ತೂಕದಷ್ಟು ಗ್ಯಾಸನ್ನ ನಕ್ಷತ್ರ ಮಾಡಿ ಖರ್ಚು ಮಾಡುತ್ತೆ, ಕೈಲಿರೋ ದಾಸ್ತಾನು ನೋಡಿದ್ರೆ ಕೆಲವು ನೂರು ಕೋಟಿ ವರ್ಷಕ್ಕೆ ಮುಗೀಬೇಕು, ಆದ್ರೆ ಇದು ಸಾವಿರ ಕೋಟಿ ವರ್ಷಕ್ಕೂ ಮೇಲಿಂದ ಹುಟ್ಟಿಸ್ತಾನೇ ಇದೆ. ಏಪ್ರಿಲ್ ಮೇನಲ್ಲೂ ದಿನಾ ಮೋಟ್ರು ಹಾಕಿದ್ರೂ ಬತ್ತದ ಬಾವಿ ಕಂಡ್ರೆ ನಾವೇನಂತೀವಿ, ಒಳಗೆ ಒರತೆ ಇದೆ ಅಂತೀವಿ. ಕ್ವೇಸಾರ್ ಬೆಳಕಲ್ಲಿ ನಾವು ಹುಡುಕ್ತಾ ಇರೋದು ಆ ಒರತೆಯನ್ನ. ಬಯಲಿಂದ ಹೊಸ ಗ್ಯಾಸು ಬರುತ್ತೆ, ಎಸೆದಿದ್ದ ಹಳೇದೂ ತಣ್ಣಗಾಗಿ ವಾಪಸ್ ಬೀಳುತ್ತೆ, ಮಳೆ ಬಿದ್ದು ಹೊಳೆ ಸೇರಿ ಸಮುದ್ರಕ್ಕೆ ಹೋಗಿ ಮತ್ತೆ ಮುಂಗಾರಾಗಿ ಬಂದ ಹಾಗೆ. ನಿಮ್ಮ ಅಡಿಕೆ ರೇಟಿಗೆ ಇದ್ರಿಂದ ಒಂದು ರೂಪಾಯಿ ವ್ಯತ್ಯಾಸ ಆಗಲ್ಲ, ಅದನ್ನ ನೇರವಾಗೇ ಹೇಳಿಬಿಡ್ತೀನಿ. ಆದ್ರೆ ನೀವು ಈಗ ಎಳ್ಕೊಂಡ ಉಸಿರಲ್ಲಿರೋ ಆಮ್ಲಜನಕದಲ್ಲಿ ಒಂದಷ್ಟು ಪಾಲು ಸೂರ್ಯ ಹುಟ್ಟೋಕೆ ಮುಂಚೆ ಗ್ಯಾಲಕ್ಸಿಯಿಂದ ಹೊರಗೆ ಹೋಗಿ ತಿರುಗಾಡಿ ಬಂದಿರೋ ಸಾಧ್ಯತೆ ಚೆನ್ನಾಗಿದೆ.

ಗುಂಡಿಯ ಆಕಾರದಲ್ಲೂ ಕಥೆ ಇದೆ. ಪರಮಾಣುಗಳು ಬಿಸಿಗೆ ಆಚೀಚೆ ಓಡಾಡಿದ್ರೆ ಗುಂಡಿ ಅಗಲ ಆಗುತ್ತೆ, ಹತ್ತು ಸಾವಿರ ಡಿಗ್ರಿಯ ಹೈಡ್ರೋಜನ್ ಸೆಕೆಂಡಿಗೆ 13 ಕಿಲೋಮೀಟರ್ ಸುಮಾರಿಗೆ ಅಗಲ ಮಾಡುತ್ತೆ (ಅಗಲವನ್ನ ನಾವು ಪರಮಾಣುಗಳ ವೇಗದ ಲೆಕ್ಕದಲ್ಲೇ ಹೇಳೋದು), ಅದಕ್ಕಿಂತ ಕಿರಿದಾಗಿದ್ರೆ ಗ್ಯಾಸು ಅದಕ್ಕಿಂತ ತಣ್ಣಗೆ ಅಂತ ಖಂಡಿತವಾಗಿ ಹೇಳಬಹುದು. ಗುಂಡಿ ಗ್ಯಾಲಕ್ಸಿಯ ವೇಗಕ್ಕಿಂತ ಅತ್ತ ಸರಿದಿದೆಯೋ ಇತ್ತಲೋ ನೋಡಿ ಹರಿವು ಲೆಕ್ಕ ಹಾಕ್ತಾರೆ. ನನ್ನ ಹೆಮ್ಮೆಯ ಉದಾಹರಣೆ ನಮ್ಮ ದೇಶದ್ದು. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯೂಕಾದ ಆರ್. ಶ್ರೀಆನಂದ್ ಮತ್ತೆ ಫ್ರೆಂಚ್ ಜೊತೆಗಾರರು 2008ರಲ್ಲಿ ಕ್ವೇಸಾರ್ ಮುಂದಿನ ಒಂದು ಗ್ಯಾಲಕ್ಸಿಯ ಗ್ಯಾಸಲ್ಲಿ, ರೆಡ್‌ಶಿಫ್ಟ್ 2.418ರಲ್ಲಿ, ಕಾರ್ಬನ್ ಮಾನಾಕ್ಸೈಡ್ ಅಣುವಿನ ಗೆರೆಗಳನ್ನ ಓದಿ, ಆ ಕಾಲದಲ್ಲಿ ಇಡೀ ವಿಶ್ವದ ಹಿನ್ನೆಲೆ ಉಷ್ಣತೆ ಎಷ್ಟಿತ್ತು ಅಂತ ಅಳೆದ್ರು, 9.15 ಕೆಲ್ವಿನ್ ಬಂತು, ಬಿಗ್ ಬ್ಯಾಂಗ್ ಲೆಕ್ಕದ ಪ್ರಕಾರ 9.3 ಇರಬೇಕಿತ್ತು. ಈಗ ಅದು 2.7ಕ್ಕೆ ಇಳಿದಿದೆ. ಸಾವಿರ ಕೋಟಿ ವರ್ಷ ಹಿಂದಿನ ಜ್ವರವನ್ನ ಇವತ್ತು ಥರ್ಮಾಮೀಟರ್ ಇಟ್ಟು ನೋಡಿದ ಹಾಗೆ!

ನಮ್ಮ ದೌರ್ಬಲ್ಯ ಒಂದು ಬಾಕಿ ಇದೆ. ಗುಂಡಿ ಕೊಡೋ ತಟಸ್ಥ ಹೈಡ್ರೋಜನ್ ಒಟ್ಟು ಹೈಡ್ರೋಜನ್ನಿನಲ್ಲಿ ಎಷ್ಟೋ ಸಲ ಸಾವಿರದಲ್ಲಿ ಒಂದು, ಇನ್ನೂ ಕಮ್ಮಿ. ಉಳಿದದ್ದು ಎಲೆಕ್ಟ್ರಾನ್ ಕಳ್ಕೊಂಡು ನಮಗೆ ಕಾಣ್ದೆ ಕೂತಿದೆ. ಕಂಡ ಆ ಒಂದರಿಂದ ಕಾಣದ ಸಾವಿರವನ್ನ ಲೆಕ್ಕ ಹಾಕೋದು ಚೇಣಿ ಹಿಡಿಯೋರು (ತೋಟದ ಫಸಲನ್ನ ಗುತ್ತಿಗೆ ತಗೊಳ್ಳೋರು) ನಾಲ್ಕು ಗೊನೆ ನೋಡಿ ಇಡೀ ತೋಟದ ಫಸಲು ಅಂದಾಜು ಮಾಡ್ತಾರಲ್ಲ, ಥೇಟ್ ಹಂಗೇ. ಅನುಭವಸ್ಥರದ್ದು ಬಹಳ ತಪ್ಪೋಗಲ್ಲ, ಆದ್ರೂ ಎರಡು ಮೂರು ಪಟ್ಟು ಆಚೀಚೆ ಆಗೋದು ಇದೆ. ಗ್ಯಾಲಕ್ಸಿ ಸುತ್ತಿನ ಗ್ಯಾಸಿನ ಒಟ್ಟು ತೂಕ ಇಷ್ಟು ಅಂತ ಯಾರಾದ್ರೂ ಎರಡು ದಶಾಂಶಕ್ಕೆ ಹೇಳಿದ್ರೆ ನಾನಂತೂ ನಂಬಲ್ಲ. ಈಗ ಚಿಲಿ, ಹವಾಯಿಯ ದೊಡ್ಡ ಟೆಲಿಸ್ಕೋಪುಗಳಲ್ಲಿ ಹೊಸ ಉಪಕರಣಗಳು ಬಂದು ಅತ್ಯಂತ ಮಂಕಾದ ಗ್ಯಾಸಿನ ಸ್ವಂತ ಬೆಳಕನ್ನೂ ಕೆಲವು ಕಡೆ ಹಿಡೀತಾ ಇವೆ, ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಚೇಣಿ ಲೆಕ್ಕ ಸುಧಾರಿಸುತ್ತೆ.

ಕೊನೇದಾಗಿ ಮಗಳಿಗೆ ಕ್ವೇಸಾರ್ ತೋರಿಸಬೇಕು ಅಂತಿದ್ರೆ, ಆಗುತ್ತೆ. 3ಸಿ 273 ಅಂತ ಒಂದಿದೆ, 1963ರಲ್ಲಿ ಮಾರ್ಟೆನ್ ಶ್ಮಿಟ್ ರೆಡ್‌ಶಿಫ್ಟ್ 0.158 ಅಂತ ಓದಿ ಕ್ವೇಸಾರುಗಳು ಎಷ್ಟು ದೂರ ಅಂತ ಲೋಕಕ್ಕೆ ಗೊತ್ತುಮಾಡಿದ್ದು ಇದರಿಂದಲೇ. ಕನ್ಯಾ ರಾಶೀಲಿ, ಚಿತ್ತಾ ನಕ್ಷತ್ರದಿಂದ ಸುಮಾರು 20 ಡಿಗ್ರಿ ವಾಯವ್ಯಕ್ಕೆ. ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಜಾಸ್ತಿ ಆದಷ್ಟೂ ಮಂಕು) 12.9, ಎಂಟಿಂಚಿನ ಟೆಲಿಸ್ಕೋಪು ಮತ್ತೆ ಒಳ್ಳೇ ಸ್ಟಾರ್ ಚಾರ್ಟ್ ಇದ್ರೆ ಸಿಗುತ್ತೆ, ಕುಂದಾದ್ರಿ ಬೆಟ್ಟದಂಥ ಕತ್ತಲೆ ಜಾಗ ಆದ್ರೆ ಇನ್ನೂ ಸಲೀಸು. ನೋಡೋಕೆ ಬರೀ ಒಂದು ಮಂಕು ಚುಕ್ಕಿ, ಅಷ್ಟೇನಾ ಅಪ್ಪಾ ಅಂತಾಳೆ, ಮೊದ್ಲೇ ಹೇಳಿಡಿ. ಆ ಬೆಳಕು ಹೊರಟು ಸುಮಾರು 200 ಕೋಟಿ ವರ್ಷ ಆಯ್ತು, ಶಿವಮೊಗ್ಗ ಸೀಮೆಯ ಹಳೇ ಕಲ್ಲುಗಳಿಗೆ 250 ಕೋಟಿಗೂ ಜಾಸ್ತಿ, ಅಂದ್ರೆ ಅದು ಹೊರಟಾಗ ನಮ್ಮ ನೆಲದ ಕಲ್ಲು ಆಗಲೇ ಹಳೇದಾಗಿತ್ತು. 1991ರಲ್ಲಿ ಹಬಲ್ ಇದೇ ಚುಕ್ಕಿಯ ಬೆಳಕಲ್ಲಿ ಹತ್ರದ ಹೈಡ್ರೋಜನ್ ಗುಂಡಿಗಳನ್ನ ಕಂಡಿತ್ತು, ಅದ್ರಲ್ಲಿ ಎರಡು ಕನ್ಯಾ ಗ್ಯಾಲಕ್ಸಿ ಗುಂಪಿನ ದೂರದಲ್ಲಿರೋ ಗ್ಯಾಸಿಂದ. ಮಾರ್ಚಿಂದ ಏಪ್ರಿಲ್ ಮಧ್ಯದ ತನಕ ರಾತ್ರಿ ಹತ್ತು ಗಂಟೆ ಮೇಲೆ ನೋಡಿ. ಆಮೇಲೆ ಸಂಜೆ ಗುಡುಗು ಮಳೆ ಶುರು ಆದ್ರೆ ಮತ್ತೆ ದೀಪಾವಳಿ ತನಕ ನಮ್ಮ ಕಡೆ ಆಕಾಶ ಅನ್ನೋದು ಸಿಗಲ್ಲ ಅಂತ ನಿಮಗೆ ನಾನು ಹೇಳಬೇಕಾ.